ಹಿಡಿ ಮತ್ತು ಮುಚ್ಚಳ

ಟೀಚರಮ್ಮನ ಹೆಬ್ಬೆರಳಿನ ಉಗುರಿಗೆ ನೆನೆದ ಸಬ್ಬಕ್ಕಿಯಂಥ ಒಂದು ಹರಳು ಸದಾ ಅಂಟಿಕೊಂಡಿರುತ್ತಿತ್ತು. ಮಾತಿನ ನಡುವೆ ಅದನ್ನು ಬಿಸಿಲಿಗೆ ಹಿಡಿದು ನೋಡುವರು. ಸೇಲಂ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವರು, ಮನೆಮಾತು ನಮ್ಮದೇ ಕನ್ನಡ. ಪಾಲಕೋಡ್ ಹತ್ತಿರದ ನನ್ನ ಟೊಮೆಟೊ ಹೊಲಕ್ಕೆ ಬಸ್ಸಿಳಿದು, ಎರಡು ಡಬ್ಬಿ ಹೊತ್ತು ನಡೆದೇ ಬರುತ್ತಿದ್ದರು. ಮರಗೆಣಸಿನ ಹಿಟ್ಟಿನಿಂದ ಅವರೇ ಮಾಡಿದ ಹರಳು. ಬೇರಿನ ಬಳಿ ಹಾಕಿದರೆ ನೀರು ಕುಡಿದು ಉಬ್ಬಿ, ಒಣ ದಿನಗಳಲ್ಲಿ ಗಿಡಕ್ಕೆ ಉಣಿಸಬೇಕು.

ನಾನು ಐದನೆಯ ತರಗತಿಗೇ ಶಾಲೆ ಬಿಟ್ಟವನು. ಆದರೂ ಅವರು ಎಲ್ಲವನ್ನೂ ಬಿಡಿಸಿ ಹೇಳಿದರು. ಹರಳಿನೊಳಗೆ ಕಣ್ಣಿಗೆ ಕಾಣದ ನೂಲುಗಳ ಬಲೆ ಇದೆಯಂತೆ. ಒಂದು ಡಬ್ಬಿಯಲ್ಲಿ ನೂಲಿನ ಪಕ್ಕಕ್ಕೆ ನೇರ ಎಳೆಗಳು, ಇನ್ನೊಂದರಲ್ಲಿ ಕವಲೊಡೆದ ಎಳೆಗಳು. ಕವಲಿದ್ದರೆ ನೂಲುಗಳು ದೂರ ನಿಲ್ಲುತ್ತವೆ, ಸಂದಿಗೆ ನೀರು ಹೆಚ್ಚು ಇಳಿಯುತ್ತದೆ.

“ಮರಗೆಣಸಿನ ಕಡ್ಡಿ ಹೊರೆ ಕಟ್ಟಿದ್ರೆ ಬೆರಳು ತೂರಲ್ಲ, ಜಾಲಿಮುಳ್ಳು ಕಟ್ಟಿದ್ರೆ ಕೋಳಿಮರಿ ತೂರ್ತೈತೆ. ಅಂಗೇ ತಾನೇ ಅಮ್ಮಾ?” ಎಂದೆ.

“ಇದನ್ನ ಹೇಳಕ್ಕೆ ನಂಗೆ ಒಂದು ಪೀರಿಯಡ್ ಬೇಕಣ್ಣ” ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಹೆಮ್ಮೆಯೇ ಕೆಡಿಸಿತು. ಯಾವ ಹರಳು ಮೇಲೆಂದು ನೋಡಲು ಒಂದೊಂದು ಡಬ್ಬಿಗೆ ಒಂದೊಂದು ಸಾಲು ಸಸಿ ನೆಡಬೇಕಿತ್ತು. ಒಂದು ಸಸಿಗೆ ಇಷ್ಟೇ ಎಂದು ಅವರು ಬಾಟಲಿಯ ಮುಚ್ಚಳವೊಂದನ್ನು ಕೊಟ್ಟಿದ್ದರು. ಕವಲಿನ ಸಾಲು ಗೆಲ್ಲಲಿ ಎಂದು ನಾನು ಅದಕ್ಕೆ ಹಿಡಿ ಹಿಡಿ ಹಾಕಿದೆ. ನೀರು ಬಿಟ್ಟ ಮಾರನೇ ದಿನ ಮಣ್ಣು ಇಡ್ಲಿಯಂತೆ ಉಬ್ಬಿ, ಆ ಸಾಲಿನ ಸಸಿಗಳೆಲ್ಲ ಬೇರು ತೋರಿಸಿಕೊಂಡು ಮಲಗಿದ್ದವು.

ಟೀಚರಮ್ಮ ಬಂದು ನೋಡಿದರು. ಕವಲು ಜಾಸ್ತಿಯಾಯಿತು, ಇದನ್ನು ಇಲ್ಲಿಗೇ ಬಿಡುತ್ತೇನೆ ಎಂದರು. ಅದು ಅವರ ಮೂರು ವರ್ಷದ ಕೆಲಸ. ಬೇಸಾಯದಲ್ಲಿ ತಪ್ಪು ಮಾಡಿದ ಎಂದು ಯಾರಿಂದಲೂ ಅನ್ನಿಸಿಕೊಂಡವನಲ್ಲ ನಾನು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಡಬ್ಬಿ ಎತ್ತಿಕೊಂಡು ಬದುವಿನ ತನಕ ಹೋದ ಮೇಲೆ ಬಾಯಿ ಬಿಟ್ಟೆ.

“ಮುಚ್ಚಳ ಅಲ್ಲಮ್ಮಾ, ಹಿಡಿ ಹಾಕ್ಬುಟ್ಟೆ.”

ಬೈಯಲಿಲ್ಲ. ತಿರುಗಿ ಬಂದು ನೋಟ್‌ಬುಕ್ಕು, ಪೆನ್ನು ನನ್ನ ಕೈಗೇ ಕೊಟ್ಟರು. “ನೀವೇ ಬರೀರಣ್ಣ. ಬರ್ದಿಟ್ರೆ ತಪ್ಪೂ ಪಾಠಾನೇ.”

ಮತ್ತೆ ನೆಟ್ಟೆವು, ಮುಚ್ಚಳದಲ್ಲೇ ಅಳೆದು. ನೀರು ನಿಲ್ಲಿಸಿದಾಗ ನೇರ ಎಳೆಯ ಸಾಲು ಮೊದಲು ತಲೆ ಬಗ್ಗಿಸಿತು. ಕವಲಿನದು ಹಸಿರಾಗೇ ನಿಂತಿತ್ತು. “ಕೋಳಿಮರಿ ತೂರ್ತು ನೋಡ್ರಣ್ಣ” ಎಂದು ಟೀಚರಮ್ಮ ನಕ್ಕರು.

ಹೋದ ವರ್ಷ ಅವರು ತೀರಿಕೊಂಡರು. ನೋಟ್‌ಬುಕ್ಕು ನನ್ನಲ್ಲೇ ಉಳಿದಿದೆ. ಅವರ ವಿದ್ಯಾರ್ಥಿಗಳು ಹೊಸ ಹರಳು ಹಿಡಿದು ಈಗಲೂ ನನ್ನ ಹೊಲಕ್ಕೇ ಬರುತ್ತಾರೆ. ‘ಒಂದು ಹಿಡಿ’ ಎಂದು ನನ್ನ ಸೊಟ್ಟ ಅಕ್ಷರವಿರುವ ಪುಟವನ್ನು ಮೊದಲು ತೋರಿಸುತ್ತೇನೆ. ಮುಚ್ಚಳ ಆಮೇಲೆ ಕೊಡುತ್ತೇನೆ.