ಅಪ್ಪನ ತಾಳ ಕದ್ದವರು ಯಾರು?

ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ಕಳ್ಳತನವಾಯಿತು. ಚಿನ್ನ ಹೋಗಲಿಲ್ಲ, ಬೆಳ್ಳಿ ಹೋಗಲಿಲ್ಲ, ಕೊಟ್ಟಿಗೆಯ ಎತ್ತೂ ಹೋಗಲಿಲ್ಲ. ಹೋದದ್ದು ಅಪ್ಪನ ಒಂದು ತಾಳ. ನಗಬೇಡಿ. ಆ ತಾಳದ ದೆಸೆಯಿಂದ ಅಕ್ಕನ ಮದುವೆಯೇ ಮುರಿದುಬೀಳುವುದರಲ್ಲಿತ್ತು.

ನಮ್ಮೂರು ತೆಕ್ಕಲಕೋಟೆಯ ಹತ್ತಿರ, ಕಾಲುವೆಯ ದಂಡೆಗೆ. ಅಪ್ಪ ನೆಲ್ಲು ಬೆಳೆಯುತ್ತಿದ್ದ. ಹಗಲೆಲ್ಲ ಗದ್ದೆಯ ಕೆಸರಿನಲ್ಲಿದ್ದು, ಸಂಜೆ ಕೈಕಾಲು ತೊಳೆದು ಬಂದನೆಂದರೆ ಡೋಲಕ್ ತೊಡೆಯ ಮೇಲೆ ಬರುತ್ತಿತ್ತು. ಅವನಿಗೆ ಗುರುವೂ ಇರಲಿಲ್ಲ, ಪಾಠವೂ ಆಗಿರಲಿಲ್ಲ. ಶನಿವಾರದ ಭಜನೆಯಲ್ಲಿ ಹಿರಿಯರು ಬಾರಿಸುವುದನ್ನು ನೋಡಿ ನೋಡಿ ಕಲಿತವನು. ಮನೆಯಲ್ಲಿ ಅವನು ಬಾರಿಸುವಾಗ ಕಂಚಿನ ತಾಳ ಹಾಕುವ ಕೆಲಸ ನನ್ನದು. ಡೋಲಕ್ಕಿನ ಚರ್ಮಕ್ಕೆ ಹಚ್ಚಿದ ಎಣ್ಣೆಯ ವಾಸನೆ ನನ್ನ ಲಂಗಕ್ಕೂ ಅಂಟಿಕೊಂಡಿರುತ್ತಿತ್ತು.

ಒಂದು ಬೆಳಿಗ್ಗೆ ಅಪ್ಪ ಎದ್ದವನೇ ಬಾಯಿ ಕೂಡ ಮುಕ್ಕಳಿಸದೆ ಡೋಲಕ್ ಎಳೆದುಕೊಂಡ. ತಕ ತಕ ತಕ ತಕ, ಧಪ್ಪ! ತಕ ತಕ ತಕ ತಕ, ಧಪ್ಪ! ನಾಲ್ಕು ಹೆಜ್ಜೆ ನೆಟ್ಟಗೆ ನಡೆದು ಐದನೆಯದಕ್ಕೆ ಎಡವಿದ ಹಾಗೆ. ಕೇಳಿದವರ ಕಾಲು ಸುಮ್ಮನಿರುತ್ತಿರಲಿಲ್ಲ. ಅವ್ವ ರೊಟ್ಟಿ ತಟ್ಟುತ್ತಿದ್ದವಳು ಆ ಏಟಿಗೇ ತಟ್ಟತೊಡಗಿದಳು.

"ನಿದ್ದ್ಯಾಗ ಬಂತಲೇ! ದೇವರು ಕೊಟ್ಟದ್ದು. ಇದು ನನ್ನ ಸ್ವಂತದ್ದು" ಎಂದ ಅಪ್ಪ.

ಅದಕ್ಕೆ ಕುಂಟು ನಡೆ ಎಂದು ಹೆಸರಿಟ್ಟ. ಭಜನೆಯಲ್ಲಿ ಅದನ್ನು ಬಾರಿಸಿದ ದಿನ ಊರಿನವರು ಅವನ ಬೆನ್ನು ತಟ್ಟಿದರು. ಅಪ್ಪ ಒಂದು ವಾರ ಗದ್ದೆಗೆ ಹೋಗುವಾಗಲೂ ಎದೆ ಸೆಟೆಸಿಕೊಂಡೇ ನಡೆದ. ಬೇರೆಯವರ ತಾಳ ಬಾರಿಸಿ ಬಾರಿಸಿ ಮುದುಕನಾಗುವ ಮೊದಲು ತನ್ನದೊಂದು ಹುಟ್ಟಿತಲ್ಲ ಎಂಬ ಹಿಗ್ಗು ಅದು.

ಅಕ್ಕನ ಮದುವೆ ನಿಶ್ಚಯವಾದದ್ದು ಮುಂದಿನ ಸುಗ್ಗಿಯಲ್ಲಿ. ಗಂಡಿನವರು ದೇಶನೂರಿನವರು. ಬೀಗರು, ಅಂದರೆ ಗಂಡಿನ ಅಪ್ಪ, ಅವರೂ ತಮ್ಮೂರಿನ ಭಜನೆಯಲ್ಲಿ ಡೋಲಕ್ ಬಾರಿಸುವವರು ಎಂದು ಕೇಳಿ ನಾವೆಲ್ಲ ಸಂತೋಷಪಟ್ಟೆವು. ನಿಶ್ಚಯದ ದಿನ ಅವರು ಕೊಟ್ಟ ಹಸಿರು ಸೀರೆಯನ್ನು ಅಕ್ಕ ಆಗಾಗ ಟ್ರಂಕಿನಿಂದ ತೆಗೆದು, ಮೂಸಿ, ಮತ್ತೆ ಮಡಚಿ ಇಡುತ್ತಿದ್ದಳು. ಬಾಯಿಬಿಟ್ಟು ಹೇಳದಿದ್ದರೂ ಆ ಮನೆ ಅವಳ ಮನಸ್ಸಿಗೆ ಬಂದಿದೆ ಎಂದು ನನಗೆ ಗೊತ್ತಾಗಿತ್ತು.

ಆಮೇಲೆ ಕುರುಗೋಡಿನಲ್ಲಿ ನೆಂಟರೊಬ್ಬರ ಹೊಸ ಮನೆಯ ಪ್ರವೇಶ. ಅಲ್ಲಿಗೆ ದೇಶನೂರಿನ ಭಜನೆಯವರೂ ಬಂದಿದ್ದರು. ಬೀಗರು ಡೋಲಕ್ ಬಿಗಿದು ಬಾರಿಸಲು ಶುರುಮಾಡಿದರು. ತಕ ತಕ ತಕ ತಕ, ಧಪ್ಪ! ಊಟಕ್ಕೆ ಕೂತಿದ್ದ ಅಪ್ಪನ ಕೈ ಬಾಯಿಗೆ ಹೋಗಲೇ ಇಲ್ಲ. ಕೈ ತೊಳೆದು ಸೀದಾ ಅವರ ಮುಂದೆ ಹೋಗಿ ನಿಂತ.

"ಬೀಗರೇ, ಈ ತಾಳ ಎಲ್ಲಿಂದ ಬಂತ್ರಿ?"

"ಎಲ್ಲಿಂದ ಏನ್ರಿ, ನಿದ್ದ್ಯಾಗ ಬಂತು. ನಂದೇ" ಎಂದರು ಅವರು, ನಗುತ್ತಾ.

ಅಪ್ಪ ನಗಲಿಲ್ಲ. ಬಂಡಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಒಂದೇ ಮಾತು: "ಇಬ್ಬರಿಗೆ ಒಂದೇ ಕನಸು ಬೀಳತೈತೇನು? ಯಾವ ದೇಶದಾಗ ಬೀಳತೈತಿ? ಯಾರೋ ನಮ್ಮಲ್ಲಿಂದ ಕದ್ದು ಅವರಿಗೆ ಮುಟ್ಟಿಸ್ಯಾರ."

ಅಂದಿನಿಂದ ನಮ್ಮ ಮನೆ ಪೊಲೀಸ್ ಠಾಣೆಯಾಯಿತು. ಡೋಲಕ್ ಬಾರಿಸುವ ಮೊದಲು ಅಪ್ಪ ಕಿಟಕಿ ಮುಚ್ಚುತ್ತಿದ್ದ, ಬಾಗಿಲ ಸಂದಿಗೆ ಗೋಣಿಚೀಲ ತುರುಕುತ್ತಿದ್ದ. ಸೆಕೆಗೆ ನಾನು ಬೆವೆತು ತೊಪ್ಪೆಯಾದರೂ ಕೇಳುವವರಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ ಅಪ್ಪನಿಗೆ ಹಾಲು ಹಾಕುವವನೂ ಕಳ್ಳ, ಕ್ಷೌರಕ್ಕೆ ಬರುವವನೂ ಕಳ್ಳ. ಅವ್ವ ಮಾತ್ರ ಒಲೆಯ ಮುಂದಿನಿಂದ, "ಅನುಮಾನಂ ಪೆದ್ದ ರೋಗಂ", ಅಂದರೆ ಅನುಮಾನ ದೊಡ್ಡ ರೋಗ, ಎಂದು ತೆಲುಗು ಗಾದೆ ಹೇಳಿ ರೊಟ್ಟಿ ತಿರುವಿಹಾಕುತ್ತಿದ್ದಳು.

ಆ ರೋಗ ನನಗೂ ಅಂಟಿತು. ಕುಂಬಳಕಾಯಿ ಕಳ್ಳ ಎಂದರೆ ಯಾರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೋ ನೋಡೋಣ ಎಂದು, ಬಂದವರ ಮುಂದೆಲ್ಲ "ನಮ್ಮ ಮನ್ಯಾಗ ಕಳ್ಳತನ ಆಗೇತಿ" ಎಂದು ಹೇಳಿ ಅವರ ಮುಖವನ್ನೇ ದಿಟ್ಟಿಸುತ್ತಿದ್ದೆ. ಒಂದು ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಬಳೆಗಾರ ಕೂತಿದ್ದ. ಅವ್ವ ಬಳೆ ಇಡಿಸಿಕೊಳ್ಳುವ ಬದಲು ಅವನ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದಳು. ನಾನು ಹೋದೊಡನೆ ಇಬ್ಬರೂ ಮಾತು ನಿಲ್ಲಿಸಿದರು. ಅವನು ವಾರಕ್ಕೊಮ್ಮೆ ದೇಶನೂರಿಗೂ ಹೋಗುವವನು. ಕಳ್ಳ ಸಿಕ್ಕ ಎಂದುಕೊಂಡೆ. ಆದರೆ ಅವ್ವನೂ ಅದರಲ್ಲಿ ಸೇರಿದ್ದಾಳಲ್ಲ ಎಂದು ಹೆದರಿ ಅಪ್ಪನಿಗೆ ಹೇಳಲಿಲ್ಲ.

ಕೊನೆಗೆ ಅಪ್ಪನ ಅನುಮಾನ ಅಕ್ಕನ ಮೇಲೆ ತಿರುಗಿತು. ನಿಶ್ಚಯದ ದಿನ ಅವಳು ಗಂಡಿನ ತಂಗಿಯ ಜೊತೆ ಒಳಕೋಣೆಯಲ್ಲಿ ತಾಸುಗಟ್ಟಲೆ ಕೂತಿದ್ದಳಲ್ಲ!

"ನೀನೇ ಏನರ ಬಾರಿಸಿ ತೋರಿಸೀಯೇನು?" ಎಂದು ಕೇಳಿಯೇಬಿಟ್ಟ.

ಅಕ್ಕ ಮೊರದಲ್ಲಿದ್ದ ಅಕ್ಕಿಯನ್ನು ಹಾಗೇ ಕೆಳಗಿಟ್ಟು ಒಳಗೆ ಹೋದಳು. ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು. ಅಪ್ಪನೂ ಪಟ್ಟು ಬಿಡಲಿಲ್ಲ. "ಕಳ್ಳರ ಮನಿಗೆ ಹೆಣ್ಣು ಕೊಡೂದಿಲ್ಲ" ಎಂದ. ನನಗೆ ಅಕ್ಕನ ಕಣ್ಣು ಕೆಂಪಾಗಿರುವುದನ್ನು ನೋಡಿದರೆ ಅಪ್ಪನ ಡೋಲಕ್ಕನ್ನು ಕಾಲುವೆಗೆ ಎಸೆದುಬಿಡಬೇಕು ಎನಿಸುತ್ತಿತ್ತು.

ಇಷ್ಟಾದರೂ ಅವ್ವ ಮದುವೆಯ ಅಕ್ಕಿ ಮಾಡಿಸುವ ಮಾತೆತ್ತಿದಳು. "ಬರೋ ಸೋಮವಾರನೇ ಸಿರುಗುಪ್ಪದ ಗಿರಣಿಗೆ ಹೋಗಬೇಕು. ಮದುವಿ ಅಕ್ಕಿಗೆ ಮೊದಲ ಬೊಗಸಿ ನೆಲ್ಲು ಮದುಮಗಳೇ ಹಾಕಬೇಕು. ಅದು ನಮ್ಮ ತವರಮನಿ ಶಾಸ್ತ್ರ."

"ಮದುವಿ ಆಗತೈತೋ ಇಲ್ಲೋ" ಎಂದು ಅಪ್ಪ ಗೊಣಗಿದ.

"ಆಗದಿದ್ರ ಉಣ್ಣಾಕರ ಅಕ್ಕಿ ಬೇಕಲ್ಲ?"

ಅಪ್ಪ ಎದ್ದು ಹೋಗಿ ಬಂಡಿಯ ಗಾಲಿಗೆ ಎಣ್ಣೆ ಹಾಕತೊಡಗಿದ.

ಸೋಮವಾರ ಬೆಳಿಗ್ಗೆ ಬಂಡಿ ಕಟ್ಟಿದೆವು. ನೆಲ್ಲಿನ ಚೀಲಗಳ ಮೇಲೆ ಅಕ್ಕ, ನಾನು. ಹೊರಡುವ ಮುಂಚೆ ಅಪ್ಪ ಒಂದು ಬಟ್ಟೆಯ ಗಂಟು ತಂದು ನನ್ನ ಕೆಳಗೆ ತುರುಕಿದ. "ಇದರ ಮ್ಯಾಲ ಕುಂದ್ರು. ಬಿಚ್ಚಬ್ಯಾಡ." ಬಿಚ್ಚಬೇಡ ಎಂದ ಮೇಲೆ ಬಿಡುವವಳೇ ನಾನು? ಬೆರಳು ತೂರಿಸಿ ನೋಡಿದೆ. ನುಣುಪಾದ ಅಂಚು ಸಿಕ್ಕಿತು. ಸಂದಿಯಲ್ಲಿ ಹಸಿರು ಕಂಡಿತು. ಅಕ್ಕನ ನಿಶ್ಚಯದ ಸೀರೆ! ಮದುವೆ ಕುದುರಿಸಿದ ಹಿರಿಯರ ಮನೆ ಸಿರುಗುಪ್ಪದಲ್ಲೇ ಇತ್ತು. ಅವರ ಕೈಗೆ ಈ ಸೀರೆ ವಾಪಸು ಕೊಟ್ಟರೆ ಸಂಬಂಧ ಮುಗಿದ ಹಾಗೆ. ಕಾಲುವೆಯ ಗಾಳಿ, ಕೊಯ್ದ ಗದ್ದೆಯ ಹುಲ್ಲಿನ ವಾಸನೆ, ಎತ್ತಿನ ಗೆಜ್ಜೆ, ಯಾವುದೂ ಆ ದಿನ ನನಗೆ ಹಿತವಾಗಲಿಲ್ಲ. ಗಂಟಿನ ಮೇಲೆ ಗಟ್ಟಿಯಾಗಿ ಕೂತೆ. ಪಕ್ಕದಲ್ಲಿದ್ದ ಅಕ್ಕನಿಗೆ ಏನೂ ಗೊತ್ತಿರಲಿಲ್ಲ.

ಗಿರಣಿ ಎಂದರೆ ಒಂದು ದೊಡ್ಡ ತಗಡಿನ ಶೆಡ್ಡು. ಹಿಂದೆ ಗುಡ್ಡದಷ್ಟು ಹೊಟ್ಟು, ಮುಂದೆ ಬಂಡಿಗಳ ಸಾಲು. ಒಳಗೆ ಬಂದವರ ಹುಬ್ಬು, ಮೀಸೆ ಎಲ್ಲಾ ತೌಡಿನಿಂದ ಬೆಳ್ಳಗಾಗಿರುತ್ತಿತ್ತು. ಊಟದ ಹೊತ್ತಾದ್ದರಿಂದ ಎಂಜಿನ್ ನಿಲ್ಲಿಸಿದ್ದರು. ನಮ್ಮ ಮುಂದಿನ ಬಂಡಿಯ ಚೀಲಗಳ ಮೇಲೆ ಯಾರೋ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ್ದರು. ಟವೆಲ್ ಸರಿಯಿತು. ನೋಡಿದರೆ ಬೀಗರು! ಅವರೂ ಅದೇ ಮದುವೆಯ ಅಕ್ಕಿಗೆ ಬಂದಿದ್ದರು.

"ಬರ್ರಿ ಬೀಗರೇ" ಎಂದರು ಅವರು ಎದ್ದು ಕೂತು.

ಅಪ್ಪ "ಹೂಂ" ಎಂದು ಅವರಿಗೆ ಬೆನ್ನು ಹಾಕಿ ಒಂದು ಚೀಲದ ಮೇಲೆ ಕೂತ. ಬೀಗರ ಮುಖ ಸಣ್ಣದಾಯಿತು. ಅವರೂ ಆ ಕಡೆ ತಿರುಗಿದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. ನನಗೋ, ಇವರು ಇಲ್ಲಿಗೇಕೆ ಬಂದರು, ಇವತ್ತೇ ಏಕೆ ಬಂದರು ಎಂಬ ಅನುಮಾನ.

ಅಷ್ಟರಲ್ಲಿ ಗಿರಣಿಯವನು ಎಂಜಿನ್ ತಿರುವಿದ. ಅದು ಕೆಮ್ಮಿ, ಹೊಗೆ ಬಿಟ್ಟು, ಓಡತೊಡಗಿತು. ಬೆಲ್ಟನ್ನು ಗಾಲಿಗೆ ಏರಿಸಿದ. ತಗಡೆಲ್ಲ ಅದುರಿತು. ಅಕ್ಕ ಶಾಸ್ತ್ರಕ್ಕೆಂದು ಬೊಗಸೆ ತುಂಬ ನೆಲ್ಲು ತೆಗೆದುಕೊಂಡು ಎರಡು ಹೆಜ್ಜೆ ಹೋದವಳು ತಟ್ಟನೆ ನಿಂತಳು. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಅಪ್ಪನ ಬೆರಳುಗಳು ಅವನು ಕೂತ ಚೀಲದ ಮೇಲೆ ಆಡುತ್ತಿದ್ದವು. ಅವನ ಬೆನ್ನ ಹಿಂದೆ ಬೀಗರ ಬೆರಳುಗಳು ಬಂಡಿಯ ಪಟ್ಟಿಯ ಮೇಲೆ ಆಡುತ್ತಿದ್ದವು. ಇಬ್ಬರಿಗೂ ಅದರ ಅರಿವೇ ಇರಲಿಲ್ಲ. ಎರಡೂ ಕೈ ಒಂದೇ ಏಟಿಗೆ ಏಳುತ್ತಿದ್ದವು, ಒಂದೇ ಏಟಿಗೆ ಬೀಳುತ್ತಿದ್ದವು.

ಎಂಜಿನ್ ತಕ ತಕ ತಕ ತಕ ಎನ್ನುತ್ತಿತ್ತು. ಬೆಲ್ಟು ಎಂದೋ ಹರಿದು, ಚರ್ಮದ ತುಂಡು ಇಟ್ಟು ಹೊಲಿದಿದ್ದರು. ಸುತ್ತಿಗೊಮ್ಮೆ ಆ ತೇಪೆ ಗಾಲಿಯ ಮೇಲೆ ಹಾದಾಗ ಧಪ್ಪ!

ಅಕ್ಕ ಜೋರಾಗಿ ನಕ್ಕಳು. ಎಷ್ಟೋ ದಿನದಿಂದ ಮಾತು ಬಿಟ್ಟಿದ್ದವಳು ಎಂಜಿನ್ನಿನ ಸದ್ದನ್ನೂ ಮೀರಿ ಕೂಗಿದಳು: "ಅಪ್ಪಾ, ನಿನ್ನ ಕಳ್ಳ ಸಿಕ್ಕ ನೋಡು! ಅಲ್ಲಿ ಗರ ಗರ ತಿರುಗಾಕತ್ಯಾನ!"

ಅಪ್ಪ ತನ್ನ ಬೆರಳು ನೋಡಿಕೊಂಡ. ತಿರುಗಿ ಬೀಗರ ಬೆರಳು ನೋಡಿದ. ಎದ್ದು ಹೋಗಿ ಬೆಲ್ಟು ನೋಡಿದ. ಅಷ್ಟಕ್ಕೇ ನಂಬಿದರೆ ಅವನು ನಮ್ಮಪ್ಪ ಹೇಗಾದಾನು? ಬೆಲ್ಟು ಇಳಿಸಲು ಹೇಳಿದ. ಧಪ್ಪ ನಿಂತಿತು. ಮತ್ತೆ ಏರಿಸಲು ಹೇಳಿದ. ಧಪ್ಪ ಬಂತು. "ಈ ತೇಪಿ ಯಾವಾಗ ಹಾಕಿದ್ದಪ್ಪ?" ಎಂದು ವಿಚಾರಣೆ ಮಾಡಿದ.

"ಪಾತ ಬೆಲ್ಟು ರೀ ಅದು, ಹಳೇದು. ಹೋದ ಸುಗ್ಗಿಗೇ ಹರಿದಿತ್ತು. ನೀವಿಬ್ಬರೂ ಆವಾಗ ಸರದಿ ಕಾಯ್ಕಂತ ಇಲ್ಲೇ ಚೀಲದ ಮ್ಯಾಲ ಗೊರಕಿ ಹೊಡೀತಿದ್ರಲ್ಲ" ಎಂದ ಗಿರಣಿಯವನು.

ನಿದ್ದೆಯಲ್ಲಿ ಬಂದದ್ದು ನಿಜವೇ ಆಗಿತ್ತು. ಇಬ್ಬರದೂ ಸುಳ್ಳಲ್ಲ. ಅಪ್ಪ ಬಹಳ ಹೊತ್ತು ಮೀಸೆ ಉಜ್ಜುತ್ತಾ ನಿಂತ. ತನ್ನದು ಎಂದುಕೊಂಡದ್ದು ತನ್ನದಲ್ಲವಲ್ಲ ಎಂದು ಅವನಿಗೆ ನೋವಾಯಿತೇನೋ. ನನಗೆ ಪಾಪ ಎನಿಸಿತು.

ಬೀಗರೇ ಹತ್ತಿರ ಬಂದರು. "ಅಂದ್ರ ನಾವಿಬ್ಬರೂ ಕಳ್ಳರೇ ಅಂದಂಗಾತು."

"ಹೌದ್ರಿ. ಕನ್ನ ಹಾಕಿದ್ದೂ ಒಂದೇ ಮನಿಗೆ" ಎಂದ ಅಪ್ಪ. ಮೊದಲ ಬಾರಿಗೆ ಅವನ ಮೀಸೆಯ ಕೆಳಗೆ ನಗು ಕಂಡಿತು.

ನಾನು ಖುಷಿಯಿಂದ ಬಂಡಿಯಿಂದ ಜಿಗಿದೆ. ಜಿಗಿದ ರಭಸಕ್ಕೆ ಗಂಟು ಉರುಳಿ ಕೆಳಗೆ ಬಿತ್ತು, ಬಿಚ್ಚಿಕೊಂಡಿತು. ತೌಡು ಹರಡಿದ ನೆಲದ ಮೇಲೆ ಹಸಿರು ಸೀರೆ.

ಬೀಗರು ಸೀರೆ ನೋಡಿದರು. ತಾವೇ ಆರಿಸಿ ತಂದ ಸೀರೆ, ಗುರುತು ಸಿಗದೇ ಇರುತ್ತದೆಯೇ? "ಇದು ಇಲ್ಲಿಗ್ಯಾಕ ಬಂತ್ರಿ?" ಎಂದು ಕೇಳಿದರು. ನಗು ನಿಂತಿತ್ತು. ಅಪ್ಪನ ಮುಖ ಬಿಳಿಚಿಕೊಂಡಿತು. ಅಕ್ಕ ಅಪ್ಪನನ್ನು ನೋಡಿದಳು. ಆ ಒಂದೇ ನೋಟದಲ್ಲಿ ಅವಳಿಗೆ ಎಲ್ಲವೂ ತಿಳಿಯಿತು.

ಆದರೆ ಅವಳು ಬೊಗಸೆಯ ನೆಲ್ಲನ್ನು ಚೀಲಕ್ಕೆ ಸುರಿದು, ಬಗ್ಗಿ ಸೀರೆ ಎತ್ತಿಕೊಂಡಳು. ತೌಡು ಕೊಡವಿದಳು. ಹೆಗಲ ಮೇಲೆ ಹೊದ್ದುಕೊಂಡು, "ಮೊದಲ ಬೊಗಸಿ ಹಾಕುವಾಗ ನಿಶ್ಚಯದ ಸೀರಿ ಹೊದ್ದಿರಬೇಕ್ರಿ ಮಾವಾರ. ನಮ್ಮ ಮನಿ ಶಾಸ್ತ್ರ. ಅದಕ್ಕ ಅಪ್ಪ ತಂದಾನ" ಎಂದಳು. ಮತ್ತೆ ಬೊಗಸೆ ತುಂಬ ನೆಲ್ಲು ತೆಗೆದುಕೊಂಡು ಹೋಗಿ ಗಿರಣಿಯ ಬಾಯಿಗೆ ಸುರಿದಳು. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಕಣ್ಣಿಗೆ ತೌಡು ಬಿದ್ದಿದೆ ಎಂದ. ಸೀರೆಯ ನಿಜ ಸಂಗತಿಯನ್ನು ಅಕ್ಕ ದೇಶನೂರಿನಲ್ಲಿ ಯಾರಿಗೂ ಹೇಳಲಿಲ್ಲ.

ಮದುವೆ ನಡೆಯಿತು. ಚಪ್ಪರದಲ್ಲಿ ಬೀಗರಿಬ್ಬರೂ ಎದುರುಬದುರು ಕೂತು ಕುಂಟು ನಡೆ ಬಾರಿಸಿದರು. ಒಬ್ಬರು ಎಂಜಿನ್ ಆದರೆ ಇನ್ನೊಬ್ಬರು ತೇಪೆ.

ಮುಂದೆ ನನ್ನ ಮದುವೆಯ ಕಾಲ ಬಂದಾಗ ಅವ್ವ ಗಿರಣಿಗೆ ಅಪ್ಪನೊಬ್ಬನನ್ನೇ ಕಳಿಸಿದಳು. "ಮೊದಲ ಬೊಗಸಿ ಶಾಸ್ತ್ರ ನನಗಿಲ್ಲೇನು?" ಎಂದು ಜಗಳ ತೆಗೆದೆ.

ಅವ್ವ ರೊಟ್ಟಿ ತಟ್ಟುತ್ತಲೇ ಇದ್ದಳು. ತಕ ತಕ ತಕ ತಕ, ಧಪ್ಪ. "ನಿನ್ನ ಮದುವಿಗೆ ಯಾರೂ ತಾಳ ಕದ್ದಿಲ್ಲಲ್ಲ" ಎಂದಳು. ಅಪ್ಪ ಗೊರಕೆ ಹೊಡೆದ ಆ ಸುಗ್ಗಿಯಲ್ಲಿ ಗಿರಣಿಗೆ ಜೊತೆಗೆ ಹೋಗಿ ಬೆಲ್ಟಿನ ಧಪ್ಪ ಕೇಳಿದ್ದವಳು ಅವಳು, ಬಳೆಗಾರನ ಕಿವಿಯಲ್ಲಿ ದೇಶನೂರಿಗೆ ಹೇಳಿ ಕಳಿಸಿದ್ದು ಸೋಮವಾರ ಗಿರಣಿಗೆ ಬರ್ರಿ ಎಂಬ ಒಂದು ಮಾತನ್ನೇ ಎಂದು ನನಗೆ ತಿಳಿದದ್ದು ಆಗ.

ಈಗ ಆ ಗಿರಣಿ ಇಲ್ಲ, ಆ ಬೆಲ್ಟೂ ಇಲ್ಲ. ಬಳ್ಳಾರಿಯ ಈ ಮನೆಯಲ್ಲಿ ಅಕ್ಕಿ ಅಂಗಡಿಯಿಂದ ಚೀಲದಲ್ಲಿ ಬರುತ್ತದೆ, ಹಾಡು ಫೋನಿನಲ್ಲಿ ಬರುತ್ತದೆ. ಮೊಮ್ಮಕ್ಕಳಾದ ನೀವಿಬ್ಬರೂ ಫೋನಿನಲ್ಲೇ ಹಾಡು ಕಟ್ಟುತ್ತೀರಿ. ಡೋಲಕ್ಕೂ ಬೇಡ, ಎಣ್ಣೆಯೂ ಬೇಡ. ಆದರೆ ಅಪ್ಪ ಬಾಗಿಲಿಗೆ ಗೋಣಿಚೀಲ ತುರುಕುತ್ತಿದ್ದ, ನೀವು ಫೋನಿಗೆ ಪಾಸ್‌ವರ್ಡ್ ಹಾಕುತ್ತೀರಿ. ತಮ್ಮ ನನ್ನ ಟ್ಯೂನ್ ಕದ್ದ ಎಂದು ನಿಮ್ಮಲ್ಲಿ ಅಕ್ಕನಾದವಳು ಊಟ ಬಿಟ್ಟಿದ್ದಾಳೆ. ಇಲ್ಲ, ಅದು ಸ್ನಾನ ಮಾಡುವಾಗ ತಾನಾಗಿ ಬಂತು ಎಂದು ತಮ್ಮ ಆಣೆ ಇಡುತ್ತಾನೆ. ಇಬ್ಬರಿಗೂ ಮೂರು ದಿನದಿಂದ ಮಾತಿಲ್ಲ. ನಾನು ಇಬ್ಬರ ಕೋಣೆಯ ಬಾಗಿಲ ಹೊರಗೂ ನಿಂತು ಎರಡು ಟ್ಯೂನನ್ನೂ ಕೇಳಿದ್ದೇನೆ. ಅನುಮಾನದ ಕಿವಿ ನನ್ನದು, ಒಮ್ಮೆ ಕೇಳಿದ್ದನ್ನು ಬಿಡುವುದಿಲ್ಲ.

ಅದಕ್ಕೇ ಹೇಳುತ್ತೇನೆ. ಸ್ನಾನದ ಮನೆಯ ಪಕ್ಕ, ಹಿಂದಿನ ವರಾಂಡದಲ್ಲಿ, ಒಂದು ಕಾಲು ಗಿಡ್ಡವಾಗಿ ಧಪ್ಪ ಧಪ್ಪ ಎಂದು ಕುಣಿಯುವ ಬಟ್ಟೆ ಒಗೆಯುವ ಮಿಷನ್ ಇದೆಯಲ್ಲ, ನಾಳೆ ಭಾನುವಾರ ಅದು ಬಟ್ಟೆ ಹಿಂಡುವ ಹೊತ್ತಿಗೆ ಇಬ್ಬರೂ ಅಲ್ಲಿಗೆ ಬರಬೇಕು. ಹಿಂಡಿದ ಮೊದಲ ಬಟ್ಟೆಯನ್ನು ಅಕ್ಕ ತಮ್ಮ ಸೇರಿಯೇ ತೆಗೆಯಬೇಕು. ಅದು ನಮ್ಮ ಮನೆಯ ಶಾಸ್ತ್ರ. ಯಾವಾಗಿನಿಂದ ಎಂದು ಕೇಳಬೇಡಿ.