ಮೂರು ಸಲ ಕೇಳಬೇಕಾದ ಸಿಂಹಾಸನ

ಸಾಯುವುದಕ್ಕೆ ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ಆ ಚೀನೀ ಸಿನಿಮಾದ ರಾಜನಿಗೆ ಮುಕ್ಕಾಲು ಗಂಟೆ ಬೇಕಾಯಿತು. ಕೆಮ್ಮಿದ, ರಕ್ತ ಕಕ್ಕಿದ, ರೇಷ್ಮೆ ದಿಂಬಿಗೆ ಒರಗಿ ಮೂವರು ಗಂಡುಮಕ್ಕಳನ್ನೂ ಒಬ್ಬೊಬ್ಬರಾಗಿ ದಿಟ್ಟಿಸಿದ, ಮತ್ತೆ ಕೆಮ್ಮಿದ. ಪಟ್ಟ ಯಾರಿಗೆ ಎಂಬ ಒಂದು ಮಾತನ್ನು ಮಾತ್ರ ಹೇಳದೆ ಕಣ್ಣು ಮುಚ್ಚಿದ. ಹೇಳಿದ್ದರೆ ಸಿನಿಮಾ ಅಲ್ಲಿಗೇ ಮುಗಿದು, ನಾನು ಮನೆಗೆ ಹೋಗಿ ಇಡ್ಲಿಗೆ ರುಬ್ಬಬಹುದಿತ್ತು.

ನನ್ನನ್ನು ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನ ಆ ಥಿಯೇಟರಿಗೆ ಕರೆದುಕೊಂಡು ಹೋಗಿದ್ದವರು, ವೆಲ್ಷ್‌ಪೂಲ್‌ನ ಗೋದಾಮಿನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವ ಚೀನೀ ಹೆಂಗಸು. ನಿವೃತ್ತಿಗೆ ಹತ್ತಿರವಾದವರು, ಹೆಚ್ಚು ಮಾತಿಲ್ಲ. ಗಂಡ ಬರಲ್ಲ ಎಂದಿದ್ದರಿಂದ ಒಂದು ಟಿಕೆಟ್ ಉಳಿದಿತ್ತಂತೆ. ಆ ಗಂಡ ಎಷ್ಟು ಜಾಣ ಎಂಬುದು ನನಗೆ ಅರ್ಧ ಗಂಟೆಯಲ್ಲೇ ತಿಳಿಯಿತು.

ರಾಜ ಸತ್ತ ಮೇಲೆ ಯುದ್ಧ. ಹಿಮದ ಬಯಲಲ್ಲಿ ಸಾವಿರಾರು ಕುದುರೆ, ಆಕಾಶ ಕಪ್ಪಾಗುವಷ್ಟು ಬಾಣ. ಸಾಯುವವರೆಲ್ಲ ನಿಧಾನವಾಗಿ, ಉದ್ದ ಕೂದಲು ಹಾರಿಸಿಕೊಂಡು ಸಾಯುತ್ತಿದ್ದರು. ಬಿಳಿ ಹಿಮದ ಮೇಲೆ ಬಿಳಿ ಅಕ್ಷರದ ಸಬ್‌ಟೈಟಲ್. ಯಾರು ಯಾರನ್ನು ಯಾಕೆ ಕೊಲ್ಲುತ್ತಿದ್ದಾರೆಂದು ಓದಲೂ ಆಗಲಿಲ್ಲ. ಒಂದು ಕುರ್ಚಿಗೆ ಇಷ್ಟೊಂದು ರಂಪವೇ ಎಂದು ಮೂಗು ಮುರಿದೆ. ಹಿಂದಿನ ಭಾನುವಾರವಷ್ಟೇ ನಮ್ಮ ಪರ್ತ್‌ನ ಕನ್ನಡ ಕೂಟದಲ್ಲಿ ಇದೇ ಕೆಲಸ, ಯಾರ ಮೈಮೇಲೂ ಒಂದು ಗೀರು ಬೀಳದೆ, ಬಿಸಿಬೇಳೆಬಾತು ಆರುವುದರೊಳಗೆ ಮುಗಿದಿತ್ತು.

ಆ ಕೂಟಕ್ಕೆ ನಾನು ಆರು ವರ್ಷದಿಂದ ಕಾರ್ಯದರ್ಶಿ. ಹಾಲ್ ಬುಕ್ ಮಾಡುವುದು, ಬಾಳೆಎಲೆ ಹುಡುಕುವುದು, ಕೊನೆಗೆ ಕುರ್ಚಿಗಳನ್ನು ಮಡಚಿ ಇಡುವುದು ನನ್ನ ಪಾಲು. ಶಾಲು ಹೊದೆಸಿಕೊಳ್ಳುವುದು ಅಧ್ಯಕ್ಷರ ಪಾಲು. ಅಧ್ಯಕ್ಷರೆಂದರೆ ಗಣಿಯಲ್ಲಿ ದೊಡ್ಡ ಎಂಜಿನಿಯರ್ ಆಗಿದ್ದ ಮೈಸೂರಿನ ಹಿರಿಯರು, ಊರಿಗೆಲ್ಲ ಅಂಕಲ್. ಆ ಪದವಿ ನನಗೆ ಬೇಕಿತ್ತು. ಮುಚ್ಚುಮರೆ ಯಾಕೆ, ತುಂಬಾ ಬೇಕಿತ್ತು. ಭಾನುವಾರ ಹಾಲ್ ಯಾವುದಕ್ಕೆಂದು ತೀರ್ಮಾನಿಸುವವರು ಅಧ್ಯಕ್ಷರು. ನನಗೆ ಅದು ಮಕ್ಕಳ ಕನ್ನಡ ತರಗತಿಗೆ ಬೇಕಿತ್ತು. ಅಡಿಲೇಡ್‌ನಲ್ಲಿದ್ದಾಗ ಯಾರದೋ ಗ್ಯಾರೇಜಿನಲ್ಲಿ, ಆಮೇಲೆ ಬ್ರಿಸ್ಬೇನ್ ಕಡೆ ಹೋದಾಗ ಇಪ್ಸ್‌ವಿಚ್‌ನ ಪಾರ್ಕೊಂದರಲ್ಲಿ ನಾನೇ ಅಂಥ ತರಗತಿ ನಡೆಸಿದ್ದೆ. ನನ್ನ ಮಗ ಅಕ್ಷರ ಕಲಿತದ್ದು ಹಾಗೆ. ಪರ್ತ್‌ನಲ್ಲಿ ಹುಟ್ಟಿದ ಮಗಳಿಗೆ ಆ ಭಾಗ್ಯವಿಲ್ಲ. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಫೋನಿನ ಆ ತುದಿಯಲ್ಲಿ ನನ್ನಮ್ಮ ಏನೂ ತಿಳಿಯದೆ ನಗುತ್ತಾಳೆ. ಮಗಳಿಗೆ ಎಂಟು ತುಂಬಿತ್ತು. ಇನ್ನು ತಡಮಾಡಿದರೆ ಕೈಬಿಟ್ಟಂತೆಯೇ ಎಂದು ನನಗೆ ಗೊತ್ತಿತ್ತು.

ನಮ್ಮ ಕೂಟದಲ್ಲಿ ಮತ ಹಾಕುವುದಿಲ್ಲ. ಮತ ಹಾಕುವುದೆಂದರೆ ಮರ್ಯಾದೆ ಹೋದಂತೆ; ಅವಿರೋಧ ಆಯ್ಕೆ ಎಂದರೇನೇ ಎಲ್ಲರಿಗೂ ಸಮಾಧಾನ. "ಈ ಸಲ ನೀವೇ ಅಮ್ಮ" ಎಂದು ಅಂಕಲ್ ತಿಂಗಳ ಮೊದಲೇ ನನಗೆ ಹೇಳಿದ್ದರು. ಸಭೆಯಲ್ಲೂ ಎದ್ದು ನಿಂತು ಹೇಳಿದರು: "ನಮ್ಮ ಮೇಡಂ ಅಧ್ಯಕ್ಷೆ ಆಗ್ಬೇಕು ಅಂತ ನನ್ನಾಸೆ. ಏನಮ್ಮಾ, ಒಪ್ಕೋತೀರಾ?"

ನಾನು ಹೇಳಿದೆ: "ಅಯ್ಯೋ, ನನಗ್ಯಾಕೆ ಅಂಕಲ್. ನನಗಿಂತ ದೊಡ್ಡವರಿದ್ದಾರೆ."

ಮತ್ತೇನು ಹೇಳಲಿ? ಎರಡನೇ ಸಲ ಚಿರೋಟಿ ಬಡಿಸಲು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದಿಲ್ಲವೇ, ಹಾಗೆ. ಬೆರಳ ಸಂದಿಯಲ್ಲಿ ಜಾಗ ಬಿಟ್ಟೇ ಹಿಡಿಯುತ್ತೇವೆ. ಬಡಿಸುವವರಿಗೂ ಅದು ಗೊತ್ತಿರುತ್ತದೆ. ಆದರೆ ಅಂಕಲ್ ಪಕ್ಕದಲ್ಲಿದ್ದ ಅವರ ಮಗ, ಇಲ್ಲೇ ಹುಟ್ಟಿ ಬೆಳೆದವನು, ತಟಕ್ಕನೆ "ನೋ ವರೀಸ್ ಆಂಟಿ, ಟೋಟಲಿ ಫೇರ್" ಎಂದ. ಅವನನ್ನು ನಾನು ಬೈಯುವುದಿಲ್ಲ, ಅವನಿಗೆ ತಿಳಿಯದು. ಅಂಕಲ್‌ಗೆ ತಿಳಿದಿತ್ತು. ಅವರ ಮನೆಗೆ ಹೋದರೆ ಕಾಫಿಗೆ ನಾಲ್ಕು ಸಲ ಬಲವಂತ ಮಾಡುವ ಮನುಷ್ಯ, ಅಂದು ಒಂದೇ ಸಲ ಕೇಳಿ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಯುವಕರು ಮುಂದೆ ಬರ್ಲಿ" ಎಂದರು. ಅವರ ಭಾವಮೈದ ಎದ್ದು ಅಂಕಲ್ ಮಗನ ಹೆಸರನ್ನೇ ಸೂಚಿಸಿದ, ಇನ್ಯಾರೋ ಅನುಮೋದಿಸಿದರು, ಚಪ್ಪಾಳೆ ಬಿತ್ತು. ಇಂಗು ತಿಂದ ಮಂಗನ ಹಾಗೆ ಕೂತಿದ್ದ ನಾನೂ ಚಪ್ಪಾಳೆ ತಟ್ಟಿದೆ.

ಸಿನಿಮಾದಲ್ಲಿ ಅಷ್ಟು ಹೊತ್ತಿಗೆ ಇಬ್ಬರು ಅಣ್ಣಂದಿರನ್ನೂ ಕೊಂದು ಮುಗಿಸಿದ ಕಿರಿಯ ರಾಜಕುಮಾರ ಸಿಂಹಾಸನದ ಮುಂದೆ ನಿಂತಿದ್ದ. ಮಂತ್ರಿಗಳು ಹಣೆ ನೆಲಕ್ಕೆ ತಾಗಿಸಿ ಬೇಡಿಕೊಂಡರು. ಅವನು ಒಲ್ಲೆ ಎಂದ. ಮತ್ತೆ ಬೇಡಿಕೊಂಡರು. ನಾನು ಯೋಗ್ಯನಲ್ಲ ಎಂದ. ಕೈಯಲ್ಲಿ ಅಣ್ಣಂದಿರ ರಕ್ತ ಇನ್ನೂ ಒಣಗಿಲ್ಲ, ಎಂಥ ವಿನಯ! ಮೂರನೇ ಸಲ ಬೇಡಿಕೊಂಡಾಗ ನಿಟ್ಟುಸಿರು ಬಿಟ್ಟು ಕೂತ. ನಾನು ಜೋರಾಗಿಯೇ ನಕ್ಕುಬಿಟ್ಟೆ, ಮುಂದಿನ ಸಾಲಿನವರು ತಿರುಗಿ ನೋಡಿದರು.

ಆಮೇಲೆ ಕಾಫಿ ಕುಡಿಯುತ್ತ, ಆ ನಾಟಕ ಯಾಕೆ ಎಂದು ಗೆಳತಿಯನ್ನು ಕೇಳಿದೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಮೊದಲ ಸಲವೇ ಒಪ್ಪಿಕೊಂಡರೆ ಆಸೆಬುರುಕ ಎನ್ನುತ್ತಾರೆ, ಅದಕ್ಕೆ ಬೇಡ ಎನ್ನಬೇಕು, ಬೇಡ ಎಂದವನನ್ನು ಮತ್ತೆ ಕೇಳುವುದು ಮಂತ್ರಿಗಳ ಕೆಲಸ. ಒಂದೇ ಸಲ ಕೇಳಿ ಸುಮ್ಮನಾದರೆ ಏನರ್ಥ ಎಂದೆ. "ಅವನು ಅವರಿಗೆ ಬೇಡ ಅಂತ ಅರ್ಥ," ಎಂದು ಅವರು ಸಕ್ಕರೆ ಕಲಕಿದರು.

ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಅಂಕಲ್ ಫೋನ್ ಬಂತು.

"ಅಮ್ಮಾ, ಸೆಕ್ರೆಟರಿ ಕೆಲಸ ನೀವೇ ಕಂಟಿನ್ಯೂ ಮಾಡ್ಬೇಕು. ಹುಡುಗನಿಗೆ ಏನೂ ಗೊತ್ತಾಗಲ್ಲ."

"ಬೇಡ ಅಂಕಲ್."

"ಹಾಗಂದ್ರೆ ಹೇಗೆ? ನೀವಿಲ್ದೆ ಕೂಟ ಎಲ್ಲಿದೆ?"

"ನಿಜವಾಗ್ಲೂ ಬೇಡ ಅಂಕಲ್. ಆರು ವರ್ಷ ಮಾಡಿ ಸಾಕಾಗಿದೆ."

ಅವರು ನಕ್ಕರು. "ಸಂಕೋಚ ಬಿಡಿ. ನಿಮ್ಮ ಸ್ವಭಾವ ನಮಗೆ ಗೊತ್ತಿಲ್ವಾ? ನನಗೋಸ್ಕರ ಒಪ್ಕೊಳ್ಳಿ."

ಮೂರು ಸಲ. ಕೇಳುವುದು ಹೇಗೆಂದು ಅವರು ಮರೆತೇ ಇರಲಿಲ್ಲ. ಹಿರಿಯರು ಮೂರನೇ ಸಲ ಕೇಳಿದಾಗ ಇಲ್ಲ ಎನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. "ಆಯ್ತು ಅಂಕಲ್" ಎಂದೆ. ಅವರ ಮೇಲಿದ್ದ ತಿರಸ್ಕಾರಕ್ಕಿಂತ ಹೆಚ್ಚಿನದು ಆ ಗಳಿಗೆ ನನ್ನ ಮೇಲೆಯೇ ಬಂತು.

ಮುಂದಿನ ವಾರ ಹೊಸ ಅಧ್ಯಕ್ಷನ ಸಂದೇಶ ಬಂತು, ಇಂಗ್ಲಿಷಿನಲ್ಲಿ, ವಿನಯದಿಂದ. ಇನ್ನು ಮೇಲೆ ಭಾನುವಾರದ ಹಾಲ್ ಡ್ಯಾನ್ಸ್ ಪ್ರಾಕ್ಟೀಸಿಗೆ. ತರಗತಿಯ ವಿಷಯ ಆಮೇಲೆ ನೋಡೋಣ. ಆಂಟಿ, ದಯವಿಟ್ಟು ಎಲ್ಲರಿಗೂ ಕನ್ನಡದಲ್ಲಿ ತಿಳಿಸಿ. ಕೂತು ಬರೆದೆ, ಒಂದು ಕಾಗುಣಿತವೂ ತಪ್ಪದಂತೆ. ಮಗಳು ಬಂದು ಪರದೆಯನ್ನು ಇಣುಕಿ ನೋಡಿದಳು.

"ವಾಟ್ ಡಸ್ ಇಟ್ ಸೇ, ಅಮ್ಮ?"

"ಡ್ಯಾನ್ಸ್ ಇದೆ ಅಂತ ಬರ್ದಿದೀನಿ, ಪುಟ್ಟಾ."

"ಕೂಲ್," ಎಂದು ಅವಳು ಕುಣಿಯುತ್ತ ಹೋದಳು. ನಾನು ಕೆಳಗೆ ಸಹಿ ಹಾಕಿ ಕಳಿಸಿದೆ.