ಅರ್ಡಿಸ್ ಮಾರಲೊಪ್ಪದ ರೈಫಲ್

ಬೆಳಗಿನ ಆರು ಗಂಟೆ. ಮೊಂಟಾನಾದ ಕೋಲ್ಟರ್ ಫೋರ್ಕ್ ಪಟ್ಟಣದ ಮುಖ್ಯ ಬೀದಿಯಲ್ಲಿ ಬೇಕರಿ ಬಿಟ್ಟರೆ ದೀಪ ಹೊತ್ತಿರುವುದು ರಸ್ ಕಿಟ್‌ರಿಜ್‌ನ ಬಂದೂಕಿನ ಅಂಗಡಿಯಲ್ಲಿ ಮಾತ್ರ. ಹಿಂಬದಿಯ ಮೇಜಿನ ಮುಂದೆ ಕೂತು ಅರ್ಡಿಸ್ ನಾರ್ಡಾಲ್ ರೈಫಲ್ಲೊಂದರ ನಳಿಗೆಯೊಳಗೆ ಬಟ್ಟೆ ತೂರಿಸಿ ಎಳೆಯುತ್ತಾರೆ. ಹೋದಷ್ಟೇ ಬೆಳ್ಳಗೆ ಬಟ್ಟೆ ಹೊರಬರುತ್ತದೆ.

"ನೋಡಿ, ಒಂದು ಗುಂಡೂ ಹಾರಿಲ್ಲ," ಎನ್ನುತ್ತಾರೆ. "ಮೂರು ವರ್ಷ ಯಾರದೋ ಮಂಚದ ಕೆಳಗೆ ಮಲಗಿತ್ತು, ಪಾಪ."

ಅರ್ಡಿಸ್‌ಗೆ ಈಗ ಅರವತ್ತಾರು. ಶಾಲಾ ಬಸ್ ಓಡಿಸುತ್ತಿದ್ದವರು, ಗಂಡ ತೀರಿಹೋದ ಮೇಲೆ ಈ ಅಂಗಡಿಗೆ ಬಂದರು. "ರಸ್ ನನ್ನ ಇಟ್ಕೊಂಡಿದ್ದು ಕಸ ಗುಡಿಸೋಕೆ. ಒಂದಿನ ಕೆಟ್ಟ ಕುದುರೆ ಒಂದನ್ನ ಸರಿಮಾಡಿ ಕೊಟ್ಟೆ. ಬಂದೂಕಿನ ಕುದುರೆ ಕಣ್ರೀ, ಬೆರಳಲ್ಲಿ ಎಳೆಯೋದು, ಹುಲ್ಲು ತಿನ್ನೋದಲ್ಲ!" ಅಂದಿನಿಂದ ಇಪ್ಪತ್ತೆರಡು ವರ್ಷವಾಯಿತು. ಬೆರಳ ಗೆಣ್ಣುಗಳು ಊದಿಕೊಂಡಿವೆ. ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದದೆ ಸಣ್ಣ ತಿರುಪು ಹಿಡಿಯಲಾಗದು.

ಮೂರು ಚಳಿಗಾಲದ ಹಿಂದೆ, ಇಂಥ ರೈಫಲ್‌ಗಳನ್ನು ಸರ್ಕಾರ ನಿಷೇಧಿಸುತ್ತದಂತೆ ಎಂಬ ಸುದ್ದಿ ಹಬ್ಬಿತ್ತು. ಹಿಮದಲ್ಲೇ ಜನ ಸಾಲುಗಟ್ಟಿದರು. ಬೇಟೆಯ ಗಂಧವೇ ಇಲ್ಲದವರೂ ಸಾವಿರದ ನಾನೂರು ಡಾಲರ್ ಸುರಿದು ಒಯ್ದರು. ನಿಷೇಧ ಬರಲಿಲ್ಲ. ಈಗ ಅದೇ ಮಾಲು ಐನೂರಕ್ಕೂ ಹೋಗುವುದಿಲ್ಲ. ದಿನಕ್ಕೆ ಏಳೆಂಟು ಜನ ವಾಪಸು ಮಾರಲು ಬರುತ್ತಾರೆ, ತಲೆ ತಗ್ಗಿಸಿಕೊಂಡೇ. ಯಾಕೆ ಕೊಂಡಿರಿ ಎಂದು ಅರ್ಡಿಸ್ ಯಾರನ್ನೂ ಕೇಳುವುದಿಲ್ಲ.

"ನನ್ನ ಹೆಂಡ್ತಿ ಆಗ್ಲೇ ಬೇಡ ಅಂದಿದ್ಳು," ಎಂದು ಮೊನ್ನೆ ಒಬ್ಬರು ಗೊಣಗಿದರು.

"ಈ ಊರಿನ ಗಂಡಸ್ರು ಹೆಂಡ್ತಿ ಮಾತು ಕೇಳಿದ್ರೆ ರಸ್ ಯಾವತ್ತೋ ಬಾಗ್ಲು ಹಾಕ್ಬೇಕಿತ್ತು ಬಿಡಿ," ಎಂದರು ಅರ್ಡಿಸ್. ಆತ ನಗುತ್ತಲೇ ಹೋದರು.

ಬೆಲೆ ಬಿದ್ದಾಗ ಕೊಳ್ಳಲು ಬರುವವರೆಲ್ಲ ಚೌಕಾಸಿ ಮಾಡುತ್ತಾರೆ. ಕಳೆದ ನವೆಂಬರಿನಲ್ಲಿ ಬಂದ ಕ್ಲೈಡ್ ಪೆಟ್ರಿ ಮಾಡಲಿಲ್ಲ. ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಕ್ಲೈಡ್ ಆ ಬೇಸಿಗೆಯಲ್ಲಷ್ಟೇ ಹೆಂಡತಿಯನ್ನು ಕಳೆದುಕೊಂಡಿದ್ದರು. ಎಲ್ಲಕ್ಕಿಂತ ಅಗ್ಗದ್ದನ್ನು ತೋರಿಸಿ, "ಅದನ್ನ ಕೊಡು," ಎಂದರು. ಕೈಗೆತ್ತಿಕೊಂಡೂ ನೋಡಲಿಲ್ಲ.

"ನಾಯಿ ಎಲ್ಲಿ ಕ್ಲೈಡ್? ನಿನ್ನ ಬಿಟ್ಟು ಇರೋದೇ ಇಲ್ವಲ್ಲ ಅದು?"

"ಪಕ್ಕದ ಮನೆಯವ್ರಿಗೆ ಕೊಟ್ಬಿಟ್ಟೆ. ಇನ್ನು ಅವ್ರೇ ನೋಡ್ಕೋತಾರೆ."

ಅರ್ಡಿಸ್ ರೈಫಲ್ಲನ್ನು ಮತ್ತೆ ಗೋಡೆಗೆ ಏರಿಸಿದರು. "ಇದನ್ನ ನಿಂಗೆ ಮಾರಲ್ಲ."

"ದುಡ್ಡು ತಂದಿದೀನಿ."

"ದುಡ್ಡಿನ ಮಾತಲ್ಲ ಕಣಯ್ಯಾ. ಸತ್ತೋಗ್ಬೇಕು ಅನ್ಸಿದ್ಯಾ ನಿಂಗೆ?"

ಕ್ಲೈಡ್ ಗಾಜಿನ ಕಟ್ಟೆಗೆ ಎರಡೂ ಕೈ ಊರಿ ಅತ್ತುಬಿಟ್ಟರು. ಅರ್ಡಿಸ್ ಅಂಗಡಿಯ ಬಾಗಿಲು ಹಾಕಿ, ಪಕ್ಕದೂರಿನಲ್ಲಿದ್ದ ಕ್ಲೈಡ್‌ರ ತಂಗಿಗೆ ಫೋನ್ ಮಾಡಿದರು. ಆಕೆ ಬಂದು ಆಸ್ಪತ್ರೆಗೆ ಕರೆದೊಯ್ಯುವವರೆಗೆ, ಒಂದೂವರೆ ಗಂಟೆ, ಅರ್ಡಿಸ್ ಕ್ಲೈಡ್‌ರ ಕೈ ಬಿಡಲಿಲ್ಲ.

ಮಧ್ಯಾಹ್ನ ಬಂದ ರಸ್ ಕೆಂಡವಾದ. "ಇಡೀ ವಾರಕ್ಕೆ ಕೊಳ್ಳೋಕೆ ಬಂದ ಒಬ್ಬನೇ ಗಿರಾಕಿ! ಅವ್ನನ್ನೂ ಕಳಿಸಿ ಬಾಗ್ಲು ಬೇರೆ ಹಾಕಿದ್ಯಾ? ಹೀಗೇ ಆದ್ರೆ ನಿನ್ನನ್ನೂ ಇಟ್ಕೊಳ್ಳೋಕಾಗಲ್ಲ!"

"ಕಳಿಸ್ಬೇಕಿದ್ರೆ ಕಳ್ಸು. ನಾಳೆನೂ ಅವ್ನು ಬಂದ್ರೆ ಇಷ್ಟೇ ಮಾಡ್ತೀನಿ," ಎಂದು ಅರ್ಡಿಸ್ ನಡೆದದ್ದನ್ನು ಹೇಳಿದರು. ರಸ್ ಆ ರೈಫಲ್ಲನ್ನು ಗೋಡೆಯಿಂದ ತಾನೇ ಇಳಿಸಿ ಒಳಗಿಟ್ಟ. ವ್ಯಾಪಾರ ಕುಸಿದು ಅರ್ಡಿಸ್‌ಗೆ ಈಗ ವಾರಕ್ಕೆ ನಾಲ್ಕೇ ದಿನ ಕೆಲಸ. ಆದರೆ ಯಾರಿಗೆ ಮಾರಬಾರದು ಎಂಬುದು ಅವರದೇ ತೀರ್ಮಾನ.

ಇವತ್ತು ಬೆಳಿಗ್ಗೆ ಏಳೂವರೆಗೆ ಬಾಗಿಲ ಗಂಟೆ ಸದ್ದಾಗುತ್ತದೆ. ನಾಯಿಯನ್ನು ಹಿಡಿದುಕೊಂಡು ಕ್ಲೈಡ್ ಇಣುಕುತ್ತಾರೆ. "ರೇಟು ಇನ್ನೂ ಇಳಿದಿದ್ಯೇನು?"

"ಇಳಿದಿದೆ. ನಿಂಗಲ್ಲ!"

ಕ್ಲೈಡ್ ಬೇಕರಿಯ ಪೊಟ್ಟಣವೊಂದನ್ನು ಕಟ್ಟೆಯ ಮೇಲಿಟ್ಟು ನಡೆಯುತ್ತಾರೆ.

ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಅರ್ಡಿಸ್ ಕೈ ಒರೆಸಿಕೊಳ್ಳುತ್ತಾ ಯೋಚಿಸುತ್ತಾರೆ. "ಕಟ್ಟೆಯ ಆಚೆ ಕಡೆ ಒಂದು ಒರಗು ಕುರ್ಚಿ ಹಾಕಿಸ್ಬೇಕು. ಅವತ್ತು ಕ್ಲೈಡ್‌ನ ಗುಂಡಿನ ಪೆಟ್ಟಿಗೆ ಮೇಲೆ ಕೂರಿಸಿದ್ದೆ, ಬೇರೇನೂ ಇರ್ಲಿಲ್ಲ. ಇನ್ನೊಬ್ರು ಯಾರಾದ್ರೂ ಬಂದ್ರೆ ನೆಟ್ಟಗೆ ಕೂತ್ಕೊಳ್ಲಿ."